ಕಂಪ್ಯೂಟರ್ ನಡೆಯುತ್ತಿದೆ, ಕಾವಲು ನಿಂತಿದೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಮರುದಿನ ಬೆಳಗಾವಿಯ ಖಡೇಬಜಾರಿನ ಜೆರಾಕ್ಸ್ ಅಂಗಡಿಯಲ್ಲಾಗಲಿ, ಖಾನಾಪುರದ ಆನ್‌ಲೈನ್ ಅರ್ಜಿ ತುಂಬುವ ಕೇಂದ್ರದಲ್ಲಾಗಲಿ ಏನೂ ಬದಲಾಗಲಿಲ್ಲ. ಗುಂಡಿ ಒತ್ತಿದರೆ ಅದೇ ನೀಲಿ ಕಿಟಕಿಯ ಚಿತ್ರ, ಅದೇ ಪ್ರಿಂಟರಿನ ಸದ್ದು. ಹೀಗೆ ಏನೂ ಆಗದೇ ಇದ್ದದ್ದೇ ಎರಡು ಬಗೆಯ ತಪ್ಪು ತಿಳಿವಳಿಕೆಗೆ ದಾರಿಯಾಗಿದೆ. ಪರದೆಯ ಮೇಲಿನ ಸೂಚನೆ ಕಂಡು ಗಾಬರಿಯಾದ ಕೆಲವರು ‘ಎಕ್ಸ್‌ಪೈರ್ ಆಗೇತಂತ’ ಎಂದು ಗಟ್ಟಿಮುಟ್ಟಾದ ಯಂತ್ರವನ್ನು ಸಿಕ್ಕ ಬೆಲೆಗೆ ಮಾರಿಬಿಡುತ್ತಾರೆ. ಇನ್ನು ಕೆಲವರು, ಇವರೇ ಹೆಚ್ಚು, ‘ನಡದೈತಲ್ರಿ, ಇರಲಿ ಬಿಡ್ರಿ’ ಎಂದು ಸೂಚನೆಯನ್ನು ಮುಚ್ಚಿ ಕೆಲಸಕ್ಕೆ ಕೂರುತ್ತಾರೆ. ಮೊದಲಿನವರಿಗೆ ದುಡ್ಡಿನ ನಷ್ಟ. ಎರಡನೆಯವರ ನಿರ್ಧಾರದಿಂದ ಆಗುವ ನಷ್ಟ ಅನೇಕ ಸಲ ಬೇರೆಯವರದ್ದು. ಅದಕ್ಕೇ ಈ ವಿಷಯವನ್ನು ಸಾವಧಾನವಾಗಿ ನೋಡಬೇಕು.

ಬೆಂಬಲ ಎಂದರೇನು? ವಿಂಡೋಸ್‌ನಂಥ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಕೋಟಿಗಟ್ಟಲೆ ಸಾಲುಗಳ ಸಂಕೇತ ಇರುತ್ತದೆ. ಅಷ್ಟು ಬರೆದ ಮೇಲೆ ಅಲ್ಲಲ್ಲಿ ಸಂದು ಉಳಿಯುವುದು ಸಹಜ. ಅಂಥ ಸಂದಿನಿಂದ ಹೊರಗಿನವರು ಒಳಗೆ ನುಗ್ಗಿ ಪಾಸ್‌ವರ್ಡ್ ಕದಿಯಬಹುದು, ಕಡತಗಳಿಗೆ ಬೀಗ ಜಡಿದು ಹಣ ಕೇಳಬಹುದು. ಸಂಶೋಧಕರೂ ಕಳ್ಳರೂ ದಿನವೂ ಇದೇ ಸಂದುಗಳನ್ನು ಹುಡುಕುತ್ತಿರುತ್ತಾರೆ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ಆವರೆಗೆ ಪತ್ತೆಯಾದ ಸಂದುಗಳಿಗೆ ತೇಪೆಯನ್ನು ಕಳಿಸುತ್ತದೆ. ನಾವು ‘ಅಪ್‌ಡೇಟ್ ಬಂದೈತಿ’ ಎಂದು ಬೇಸರದಿಂದ ಮುಂದೂಡುವುದು ಅದನ್ನೇ. ಮಳೆ ಹಿಡಿಯುವ ಮೊದಲು ಖಾನಾಪುರದ ಮನೆಗಳಲ್ಲಿ ಮಾಡಿನ ಮೇಲೆ ಹತ್ತಿ ಒಡೆದ ಹೆಂಚು ಬದಲಿಸುವ ಹಾಗೆ, ಇದು ವರ್ಷವಿಡೀ ನಡೆಯುವ ಕೈಗೆಲಸ. ಆ ಕೈಗೆಲಸದವನು ಇನ್ನು ಬರುವುದಿಲ್ಲ ಎಂದಾಕ್ಷಣ ಮನೆ ಬೀಳುವುದಿಲ್ಲ. ಆದರೆ ಅಂದಿನಿಂದ ಒಡೆದ ಹೆಂಚು ಒಡೆದೇ ಇರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಅದನ್ನು ಹೇಳಿಕೊಡುವವರು ಕಡಿಮೆ. ವಿಂಡೋಸ್ 11 ಪೂರಾ ಹೊಸದಾಗಿ ಕಟ್ಟಿದ್ದಲ್ಲ. ಅದರ ಬಹುಭಾಗ 10ರಿಂದಲೇ ಬಂದದ್ದು. ಹಾಗಾಗಿ 11ರಲ್ಲಿ ಸಿಕ್ಕ ಸಂದು ಅನೇಕ ಸಲ 10ರಲ್ಲೂ ಇರುತ್ತದೆ. 11ಕ್ಕೆ ತೇಪೆ ಬಿಡುಗಡೆಯಾದ ದಿನ ಕಳ್ಳರು ತೇಪೆ ಹಾಕುವ ಮೊದಲಿನ ಕಡತವನ್ನೂ ನಂತರದ್ದನ್ನೂ ಪಕ್ಕಪಕ್ಕ ಇಟ್ಟು, ಯಾವ ಸಾಲು ಬದಲಾಗಿದೆ ಎಂದು ನೋಡುತ್ತಾರೆ. ಬದಲಾದ ಜಾಗವೇ ಸಂದಿನ ವಿಳಾಸ. 11 ಇರುವವನ ಬಾಗಿಲು ಆ ಹೊತ್ತಿಗೆ ಮುಚ್ಚಿರುತ್ತದೆ. 10 ಇಟ್ಟುಕೊಂಡವನ ಬಾಗಿಲು ಎಲ್ಲಿದೆ ಎಂಬುದು ಆ ತೇಪೆಯಿಂದಲೇ ಗೊತ್ತಾಗುತ್ತದೆ, ಮತ್ತು ಅದು ಮುಚ್ಚುವುದೇ ಇಲ್ಲ. ಹೀಗೆ ತಿಂಗಳು ಕಳೆದಂತೆಲ್ಲ ಅಪಾಯ ಒಂದರ ಮೇಲೊಂದು ಕೂಡುತ್ತ ಹೋಗುತ್ತದೆ. ‘ಆರು ತಿಂಗಳಾತು, ಏನೂ ಆಗಿಲ್ಲ’ ಎಂಬ ಸಮಾಧಾನಕ್ಕೆ ಆಧಾರ ಇಲ್ಲದಿರುವುದು ಇದರಿಂದ.

ಕಥೆಯಲ್ಲ, ಇದು ನಡೆದದ್ದು. 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ ಪೊಲೀಸ್ ಠಾಣೆಗಳ ಕಂಪ್ಯೂಟರುಗಳು ಕೈಕೊಟ್ಟವು. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ಆದರೂ ಪರಿಸ್ಥಿತಿ ಎಷ್ಟು ಕೆಟ್ಟಿತೆಂದರೆ ಮೈಕ್ರೋಸಾಫ್ಟ್ ನಿಯಮ ಸಡಿಲಿಸಿ ಎಕ್ಸ್‌ಪಿಗೂ ತೇಪೆ ಕೊಟ್ಟಿತು. ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು: ಆ ದಾಳಿಯಲ್ಲಿ ಹೆಚ್ಚು ಬಲಿಯಾದದ್ದು ಎಕ್ಸ್‌ಪಿ ಅಲ್ಲ, ಆಗಿನ್ನೂ ಬೆಂಬಲ ಇದ್ದ ವಿಂಡೋಸ್ 7. ಅದಕ್ಕೆ ತೇಪೆ ಎರಡು ತಿಂಗಳ ಹಿಂದೆ ಮಾರ್ಚಿನಲ್ಲೇ ಬಂದಿತ್ತು, ಜನ ಹಾಕಿಕೊಂಡಿರಲಿಲ್ಲ.

ಈ ಮಾತು ನಮ್ಮ ಊರುಗಳಿಗೆ ನೇರವಾಗಿ ತಾಗುತ್ತದೆ. ಬೆಳಗಾವಿಯಲ್ಲಾಗಲಿ ತಾಲ್ಲೂಕು ಊರುಗಳಲ್ಲಾಗಲಿ ‘ವಿಂಡೋಸ್ ಹೊಡೆಸುವುದು’ ಎಂದರೆ ಬಹುತೇಕ ಪರವಾನಗಿ ಇಲ್ಲದ ಪ್ರತಿ ಹಾಕಿಸಿ, ಆಕ್ಟಿವೇಟರ್ ಎಂಬ ಗುರುತಿಲ್ಲದ ತಂತ್ರಾಂಶದಿಂದ ಅದನ್ನು ಎಬ್ಬಿಸುವುದು. ಆ ಆಕ್ಟಿವೇಟರ್ ಕೆಲಸ ಮಾಡಲೆಂದು ಆಂಟಿವೈರಸ್ ಆಫ್ ಮಾಡುತ್ತಾರೆ. ಪರವಾನಗಿಯ ಗುಟ್ಟು ಹೊರಬೀಳದಿರಲೆಂದು ಅಪ್‌ಡೇಟನ್ನೂ ಆಫ್ ಮಾಡುತ್ತಾರೆ. ಅಂಥ ಯಂತ್ರದ ಮಟ್ಟಿಗೆ ಬೆಂಬಲ ಮುಗಿದದ್ದು ಅಕ್ಟೋಬರ್ 14ರಂದಲ್ಲ, ಅದನ್ನು ಹಾಕಿಸಿದ ದಿನವೇ. ಬಡ ಅಂಗಡಿಯವನ ಮೇಲೆ ಕಾನೂನಿನ ಬೆತ್ತ ಬೀಸುವುದು ನನ್ನ ಉದ್ದೇಶವಲ್ಲ. ಆದರೆ ಯಾವುದಕ್ಕೆ ಹೆದರಬೇಕು ಎಂಬುದು ಅವನಿಗೆ ಸರಿಯಾಗಿ ಗೊತ್ತಿರಬೇಕು.

ಯಾವ ಕಂಪ್ಯೂಟರ್ ಮೊದಲು ಬದಲಾಗಬೇಕು ಎಂಬುದಕ್ಕೆ ನನ್ನ ಅಳತೆಗೋಲು ಒಂದೇ: ಅದರಲ್ಲಿ ಯಾರ ದುಡ್ಡು, ಯಾರ ದಾಖಲೆ ಹಾದುಹೋಗುತ್ತದೆ? ಜಾಂಬೋಟಿ, ಕಣಕುಂಬಿ ಕಡೆಯ ಹಳ್ಳಿಯ ರೈತ ಪಹಣಿಗೆ, ಜಾತಿ–ಆದಾಯ ಪ್ರಮಾಣಪತ್ರಕ್ಕೆ, ಪಿಂಚಣಿ ಹಣಕ್ಕೆ ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೋ ಖಾಸಗಿ ಆನ್‌ಲೈನ್ ಅಂಗಡಿಗೋ ಹೋಗುತ್ತಾನೆ. ಅಲ್ಲಿ ಆಧಾರ್ ಸಂಖ್ಯೆ ಹೇಳುತ್ತಾನೆ, ಬೆರಳು ಒತ್ತುತ್ತಾನೆ, ಒಟಿಪಿ ಓದಿ ಹೇಳುತ್ತಾನೆ, ಪಾಸ್‌ಬುಕ್ಕಿನ ಪ್ರತಿ ಸ್ಕ್ಯಾನ್ ಮಾಡಿಸುತ್ತಾನೆ. ಆ ಮೇಜಿನ ಮೇಲಿನ ಕಂಪ್ಯೂಟರಿಗೆ ತೇಪೆ ಬಿದ್ದು ಎಷ್ಟು ದಿನವಾಯಿತು ಎಂದು ಕೇಳುವುದು ಅವನಿಗೆ ಹೊಳೆಯುವುದಿಲ್ಲ, ಹೊಳೆಯಬೇಕೆಂದು ಬಯಸುವುದೂ ನ್ಯಾಯವಲ್ಲ. ಅಂಗಡಿಯವನು ತನ್ನ ಯಂತ್ರದ ಜೊತೆ ಏನು ಬೇಕಾದರೂ ಮಾಡಿಕೊಳ್ಳಬಹುದು, ಊರಿನವರ ಬೆರಳಚ್ಚಿನ ಜೊತೆ ಹಾಗೆ ಮಾಡಲಾಗದು. ಇಂಥ ಕೇಂದ್ರಗಳು, ಸಹಕಾರಿ ಪತ್ತಿನ ಸಂಘಗಳು, ಔಷಧಿ ಅಂಗಡಿಗಳು, ಲೆಕ್ಕಪತ್ರ ಬರೆಯುವವರ ಕಚೇರಿಗಳು ಮೊದಲ ಸಾಲಿನಲ್ಲಿ ನಿಲ್ಲಬೇಕು.

ಬ್ಯಾಂಕುಗಳೇ ಈ ವಿಷಯದಲ್ಲಿ ಎಷ್ಟು ನಿಧಾನವಾಗಿದ್ದವು ಎಂಬುದನ್ನು ನೆನಪಿಸಿಕೊಳ್ಳಬಹುದು. ಎಕ್ಸ್‌ಪಿ ಮುಗಿದು ನಾಲ್ಕು ವರ್ಷವಾದರೂ ದೇಶದ ಎಟಿಎಂಗಳಲ್ಲಿ ಅದು ಉಳಿದಿತ್ತು. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಆ ವರ್ಷದ ಸೆಪ್ಟೆಂಬರಿಗೆ ಕಾಲು ಭಾಗ, ಡಿಸೆಂಬರಿಗೆ ಅರ್ಧ, 2019ರ ಮಾರ್ಚಿಗೆ ಮುಕ್ಕಾಲು, ಜೂನಿಗೆ ಎಲ್ಲ ಎಟಿಎಂಗಳೂ ಬೆಂಬಲವಿರುವ ವ್ಯವಸ್ಥೆಗೆ ಬದಲಾಗಬೇಕೆಂದು ಗಡುವು ಹಾಕಿತು. ಗಡುವು, ಹಂತ, ಹೊಣೆ ಮೂರೂ ಇದ್ದ ಆ ಆದೇಶ ನನಗೆ ಇಷ್ಟ. ಹಳ್ಳಿಯ ಸೇವಾ ಕೇಂದ್ರಗಳಿಗೂ ಅಂಥದ್ದೊಂದು ಬೇಕು.

ಹಾಗಾದರೆ ಎಲ್ಲರೂ ವಿಂಡೋಸ್ 11 ಹಾಕಿಕೊಂಡರಾಯಿತಲ್ಲ? ಪರವಾನಗಿ ಇರುವ 10ರಿಂದ 11ಕ್ಕೆ ಹೋಗುವುದು ಉಚಿತ. ತೊಡಕಿರುವುದು ಯಂತ್ರದಲ್ಲಿ. 2021ರ ಅಕ್ಟೋಬರ್ 5ರಂದು ಬಂದ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್, ಮತ್ತು ಇಂಟೆಲ್ ಆಗಿದ್ದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ತಲೆಮಾರು ತಿಳಿಯುವುದು ಸುಲಭ. ‘ಈ ಪಿಸಿ’ ಎಂಬ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಪ್ರೊಸೆಸರಿನ ಹೆಸರು ಕಾಣುತ್ತದೆ. ಐ5–7200ಯು ಎಂದಿದ್ದರೆ ಅಡ್ಡಗೆರೆಯ ಮುಂದಿನ 7 ತಲೆಮಾರಿನ ಗುರುತು, ಅದು ಹೊರಗುಳಿಯಿತು. ಐ5–8250ಯು ಎಂದಿದ್ದರೆ ಒಳಗೆ. ಎರಡೂ 2016–17ರ ಆಸುಪಾಸಿನ ಚಿಪ್‌ಗಳೇ, ಕೆಲಸದಲ್ಲಿ ಅರ್ಜಿ ತುಂಬುವವನಿಗೆ ವ್ಯತ್ಯಾಸವೇ ತಿಳಿಯದು. ಬೆಂಗಳೂರು, ಪುಣೆಯ ಕಂಪನಿಗಳು ಬಳಸಿ ಬಿಟ್ಟ ಆರನೆಯ, ಏಳನೆಯ ತಲೆಮಾರಿನ ಲ್ಯಾಪ್‌ಟಾಪುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಇನ್ನೂ ಮಾರಾಟವಾಗುತ್ತವೆ, ಮಕ್ಕಳ ಓದಿಗೆಂದು ಪೋಷಕರು ಕೊಳ್ಳುತ್ತಾರೆ. ಕೊಳ್ಳುವ ಮೊದಲು ಆ ಒಂದು ಅಂಕಿ ನೋಡಿ. ಈ ಗೆರೆಯಿಂದಾಗಿ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸಕ್ಕೆ ಹೋಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿತ್ತು. ಭದ್ರತೆಯ ಕಾರಣ ಸುಳ್ಳಲ್ಲ. ಆದರೂ ಗೆರೆಯನ್ನು ಇಷ್ಟು ಬಿಗಿಯಾಗಿ ಎಳೆದದ್ದು ಬಡ ಬಳಕೆದಾರರ ಬಗ್ಗೆ ಯೋಚಿಸದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಒಂದು ಸಣ್ಣ ಸಂಗತಿ: ಟಿಪಿಎಂ ಇಲ್ಲ ಎಂದು ತೋರಿಸುವ ಕೆಲವು ಯಂತ್ರಗಳಲ್ಲಿ ಅದು ಇದ್ದೇ ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಆನ್ ಮಾಡಿಸಿ ನೋಡದೆ ಮಾರಬೇಡಿ.

ದುಡ್ಡು, ಚಿಪ್ ಎರಡೂ ಇದ್ದವರು ಸಹ ನಮ್ಮ ಭಾಗದಲ್ಲಿ ಹಳೆಯ ವಿಂಡೋಸ್ ಬಿಡದಿರುವುದಕ್ಕೆ ಇನ್ನೊಂದು ಕಾರಣ ಇದೆ. ಅಂತರರಾಷ್ಟ್ರೀಯ ಲೇಖನಗಳಲ್ಲಿ ಅದರ ಪ್ರಸ್ತಾಪ ಬರುವುದಿಲ್ಲ. ಅದು ಕನ್ನಡ.

ಬೆಳಗಾವಿಯ ಮುದ್ರಣಾಲಯಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ಮೇಜಿನ ಮೇಲೆ ತಯಾರಾಗುತ್ತವೆ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಕೋರ್ಟಿನ ಕಾಗದ. ಈ ಕೆಲಸ ಕಲಿತವರು ಬಹುಪಾಲು ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶದ ಮೇಲೆ ಕಲಿತವರು. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಕ್ಷರಕ್ಕೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಅದರ ಪರವಾನಗಿಗೆ ಕಂಪ್ಯೂಟರಿನ ಹಿಂಬದಿ ಸಿಕ್ಕಿಸುವ ಡಾಂಗಲ್. ಸರ್ಕಾರಿ ಕಚೇರಿಗಳಿಗೆ ಕನ್ನಡ ಗಣಕ ಪರಿಷತ್ತಿನ ನುಡಿ, ಮನೆಗಳಲ್ಲಿ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ. ಇವೆಲ್ಲ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಕಂಪ್ಯೂಟರಿಗೆ ಕನ್ನಡ ಬರುವುದೇ ಇಲ್ಲ ಎಂದುಕೊಂಡಿದ್ದ ಕಾಲದಲ್ಲಿ ಬರಿಸಿ ತೋರಿಸಿದವು.

ಆದರೆ ಆಗಿನ ವಿಧಾನದಲ್ಲಿ ಕಡತದ ಒಳಗೆ ಕೂತಿರುವುದು ಕನ್ನಡವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ–ಚಿಹ್ನೆಗಳಿಗೆ ಮೀಸಲಾದ ಸಂಖ್ಯೆಗಳು ಅಲ್ಲಿರುತ್ತವೆ. ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಖಾನಾಪುರ ತಾಲ್ಲೂಕು’ ಎಂದು ಟೈಪಿಸಿದ್ದು ಚಿಹ್ನೆಗಳ ಗೋಜಲಾಗಿ ಕಾಣುತ್ತದೆ. ಹುಡುಕಿದರೆ ಸಿಗದು, ವಾಟ್ಸಾಪ್‌ಗೆ ಅಂಟಿಸಿದರೆ ಓದಲಾಗದು. ಯುನಿಕೋಡ್‌ನಲ್ಲಿ ಹಾಗಿಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ, ಯಾವ ಯಂತ್ರದಲ್ಲಿ ತೆರೆದರೂ ಕ ಎಂಬುದು ಕ. ಹಳೆಯ ಕಡತಗಳು ಇಪ್ಪತ್ತು ವರ್ಷದ ದುಡಿಮೆ. ಅವು ತೆರೆಯುವುದು ಮೂಲೆಯಲ್ಲಿರುವ ಆ ಒಂದೇ ಯಂತ್ರದಲ್ಲಿ. ಆ ಯಂತ್ರದಲ್ಲಿರುವುದು ವಿಂಡೋಸ್ 7, ಕೆಲವೆಡೆ ಎಕ್ಸ್‌ಪಿ. ಆದ್ದರಿಂದ ಅದನ್ನು ಬಿಡುವಂತಿಲ್ಲ. ಇದನ್ನು ಸೋಮಾರಿತನ ಎಂದು ಕರೆಯುವವರು ಆ ಮೇಜಿನ ಮುಂದೆ ಒಂದು ದಿನ ಕೂತವರಲ್ಲ.

ಇದಕ್ಕೆ ದಾರಿ ಇದೆ, ಮತ್ತು ಅದನ್ನು ಹಿಡಿಯಬೇಕಾದದ್ದು ಹಳೆಯ ಯಂತ್ರ ಇನ್ನೂ ಜೀವಂತ ಇರುವಾಗಲೇ. ಮೊದಲು ಮುಗಿದ ಪುಟಗಳನ್ನೆಲ್ಲ ಪಿಡಿಎಫ್ ಮಾಡಿಕೊಳ್ಳಿ, ರೂಪವಾದರೂ ಉಳಿಯುತ್ತದೆ. ಆಮೇಲೆ ಪಠ್ಯವನ್ನು ಹೊರತೆಗೆದು ಯುನಿಕೋಡ್‌ಗೆ ಬದಲಿಸಿ. ಬರಹದ ಜೊತೆಗೆ ಪರಿವರ್ತಕ ಬರುತ್ತದೆ, ನುಡಿಯ ಕಡತಗಳಿಗೂ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಒತ್ತಕ್ಷರ, ಅರ್ಕಾವತ್ತು ಬರುವಲ್ಲಿ ತಪ್ಪುಗಳಾಗುತ್ತವೆ, ಕಣ್ಣಾಡಿಸಲೇಬೇಕು. ‘ಸೂರ್ಯ’, ‘ಕಾರ್ಯದರ್ಶಿ’ ತರಹದ ಪದಗಳನ್ನು ಮೊದಲು ಪರೀಕ್ಷಿಸಿದರೆ ಪರಿವರ್ತಕದ ಗುಣ ಗೊತ್ತಾಗಿಬಿಡುತ್ತದೆ. ಎಲ್ಲವನ್ನೂ ಮಾಡಲು ಆಗದಿದ್ದರೆ ಮತ್ತೆ ಮತ್ತೆ ಬೇಕಾಗುವ ಮಾದರಿಗಳು, ಸಂಘದ ಸದಸ್ಯರ ಪಟ್ಟಿ, ಊರಿನ ಸ್ಮರಣ ಸಂಚಿಕೆಗಳು ಮೊದಲು. ಸ್ಮರಣ ಸಂಚಿಕೆ ಎಂದರೆ ಜನ ಹಗುರವಾಗಿ ಕಾಣುತ್ತಾರೆ. ಒಂದು ಊರಿನ ದೇವಸ್ಥಾನದ, ಶಾಲೆಯ, ಕೆರೆಯ ಚರಿತ್ರೆ ಬರವಣಿಗೆಯಲ್ಲಿ ಇರುವುದು ಅನೇಕ ಸಲ ಅದೊಂದರಲ್ಲೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇರುವುದು ಬೆಳಗಾವಿಯಲ್ಲಿ. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಬೇಕೇಬೇಕು. ಜಿಲ್ಲೆಯ ಮುದ್ರಣಾಲಯಗಳ, ಗ್ರಾಮ ಪಂಚಾಯಿತಿಗಳ ಹಳೆಯ ಕನ್ನಡ ಕಡತಗಳನ್ನು ಯುನಿಕೋಡ್‌ಗೆ ತರುವುದಕ್ಕಿಂತ ಉಪಯುಕ್ತವಾದ ಪ್ರಾಜೆಕ್ಟ್ ನನಗೆ ತೋಚುತ್ತಿಲ್ಲ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕತೆ ಸ್ವಲ್ಪ ಬೇರೆ. ಅಲ್ಲಿನ ಫೌಂಡ್ರಿ, ಹೈಡ್ರಾಲಿಕ್ಸ್ ಘಟಕಗಳಂಥ ಕಡೆ ಬಳಕೆಯಾಗುವ ಸಿಎನ್‌ಸಿ ಯಂತ್ರಗಳು, ಲೋಹ ಪರೀಕ್ಷಿಸುವ ಸ್ಪೆಕ್ಟ್ರೋಮೀಟರುಗಳು ಇಪ್ಪತ್ತು–ಇಪ್ಪತ್ತೈದು ವರ್ಷ ಬಾಳುತ್ತವೆ. ಅವಕ್ಕೆ ಅಂಟಿಕೊಂಡ ಕಂಪ್ಯೂಟರ್ ಅಷ್ಟು ಬಾಳುವುದಿಲ್ಲ. ಸೀಮನ್ಸ್‌ನ ಸಿನುಮೆರಿಕ್ 840ಡಿ ನಿಯಂತ್ರಕದ ಒಳಗಿನ ಪಿಸಿಯಲ್ಲಿ ವಿಂಡೋಸ್ ಎನ್‌ಟಿ, ಎಕ್ಸ್‌ಪಿ ಇರುತ್ತಿದ್ದವು. ಅದನ್ನು ಬದಲಿಸಲು ಹೋದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವೇ ಮೂಕವಾಗಬಹುದು. ಅಲ್ಲಿ ಬದಲಿಸುವ ಹಟ ಬೇಡ. ಅಂತರ್ಜಾಲದ ತಂತಿ ಕಿತ್ತು ಬೇರೆ ಮಾಡಿ, ಪ್ರೋಗ್ರಾಂ ಒಯ್ಯಲು ಅದಕ್ಕೆಂದೇ ಒಂದು ಪೆನ್‌ಡ್ರೈವ್ ಇಟ್ಟು, ಅದನ್ನು ಪ್ರತಿ ಸಲ ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ. ಆಪರೇಟರನ ಮೊಬೈಲ್ ಚಾರ್ಜಿಗೆ ಆ ಯಂತ್ರದ ಯುಎಸ್‌ಬಿ ಬೇಡ. ಹೊಸ ಯಂತ್ರ ಕೊಳ್ಳುವವರು ಅದರೊಳಗಿನ ವಿಂಡೋಸ್ ಯಾವುದೆಂದು ಕೇಳಿ ಬರೆಸಿಕೊಳ್ಳಬೇಕು. ಯಂತ್ರಗಳಿಗೆಂದೇ ಇರುವ ವಿಂಡೋಸ್ 10 ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಎಂಬ ಆವೃತ್ತಿಗೆ 2032ರವರೆಗೆ ಬೆಂಬಲ ಇದೆ, ಹೆಸರಿನಲ್ಲಿ 10 ಕಂಡ ಮಾತ್ರಕ್ಕೆ ಗಾಬರಿ ಬೇಡ.

11 ಏರದ ಯಂತ್ರ ಇರುವ ಮನೆಯವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ವಿಸ್ತರಿತ ಭದ್ರತಾ ಅಪ್‌ಡೇಟ್ ಪ್ರಕಟಿಸಿತು, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಲು ಒಪ್ಪಿದರೆ ಉಚಿತ, ಇಲ್ಲವೇ 30 ಡಾಲರ್ ಶುಲ್ಕ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ಡೊಮೇನ್‌ಗೆ ಸೇರಿಸಿದ ಕಚೇರಿ ಕಂಪ್ಯೂಟರುಗಳಿಗೆ ಇದು ಸಲ್ಲದು. ಸಂಸ್ಥೆಗಳಿಗೆ ಬೇರೆ ದರ, ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷವರ್ಷ ದುಪ್ಪಟ್ಟು, ಮೂರು ವರ್ಷಕ್ಕೆ ಕೊನೆ. ಇದು ಉಸಿರಾಡಲು ಸಿಗುವ ಸಮಯ, ಅಷ್ಟೇ. ಹಾಗೆಯೇ ಡಿಫೆಂಡರ್ ಆಂಟಿವೈರಸ್ಸಿನ ಹೊಸ ಗುರುತುಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ನೆಮ್ಮದಿಯಿಂದ ಇರುವವರಿದ್ದಾರೆ. ಆಂಟಿವೈರಸ್ ಬಂದ ಕಳ್ಳನನ್ನು ಗುರುತಿಸಬಲ್ಲದು, ವಿಂಡೋಸ್‌ನೊಳಗಿನ ಸಂದು ಮುಚ್ಚಲಾರದು.

ಇನ್ನೊಂದು ದಾರಿ ಲಿನಕ್ಸ್. ಉಚಿತ, ಹಳೆಯ ಯಂತ್ರದಲ್ಲೂ ಚುರುಕು, ಕನ್ನಡ ಯುನಿಕೋಡ್ ಮತ್ತು ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಇದು ನಮ್ಮವರಿಂದ ಆಗದ ಕೆಲಸ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿ, ಮುಂದೆ ಶಾಲೆಗಳನ್ನು ಉಚಿತ ತಂತ್ರಾಂಶಕ್ಕೆ ತಂದಿತು. ಈಗ ಕೈಟ್ ಎಂಬ ಸಂಸ್ಥೆ ಉಬುಂಟು ಆಧಾರದ ಲಿನಕ್ಸನ್ನು ಶಾಲೆಗಳಿಗೆಂದೇ ಹೊಂದಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ಹೊಸ ಆವೃತ್ತಿ ಬಂದಾಗ ಶಾಲೆ ಪರವಾನಗಿಗೆ ದುಡ್ಡು ಹುಡುಕಬೇಕಿಲ್ಲ. ನಮ್ಮ ಖಾನಾಪುರ ತಾಲ್ಲೂಕಿನ ನಂದಗಡದ, ಬೀಡಿಯ ಶಾಲೆಗಳಿಗೆ ಇದು ಏಕೆ ಸಾಧ್ಯವಿಲ್ಲ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಅಂಗಡಿಗಳಿಗೆ ನಾನು ಕಣ್ಣುಮುಚ್ಚಿ ಲಿನಕ್ಸ್ ಹೇಳುವುದಿಲ್ಲ. ಬೆರಳಚ್ಚು ಸಾಧನದ, ಡಿಜಿಟಲ್ ಸಹಿ ಟೋಕನ್ನಿನ ತಂತ್ರಾಂಶ ಅನೇಕ ಸಲ ವಿಂಡೋಸಿಗೆ ಮಾತ್ರ ಇರುತ್ತದೆ. ನಮ್ಮ ಕಡೆ ತೀರ ಪರಿಚಿತವಾದ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನು ಲಿನಕ್ಸ್‌ನಲ್ಲಿ ಎಬ್ಬಿಸುವುದು ತ್ರಾಸದ ಕೆಲಸ. ಓದು, ಬರಹ, ವಿಡಿಯೊ ನೋಡುವ ಮನೆಯ ಯಂತ್ರಕ್ಕೆ ಧಾರಾಳವಾಗಿ ಹಾಕಿಸಬಹುದು.

ಸರ್ಕಾರದ ಪಾಲು ಇಲ್ಲಿ ದೊಡ್ಡದು. ಗ್ರಾಮ ಮಟ್ಟದ ಸೇವೆಯನ್ನು ಖಾಸಗಿ ನಿರ್ವಾಹಕರ ಕೈಗೆ ಕೊಟ್ಟ ಮೇಲೆ ಅವರ ಯಂತ್ರ ಹಳತಾಗುವುದು ಅವರ ಖಾಸಗಿ ಕಷ್ಟವಾಗಿ ಉಳಿಯುವುದಿಲ್ಲ. ಪೋರ್ಟಲ್‌ಗೆ ಒಳಹೋಗುವಾಗಲೇ ಯಾವ ಆವೃತ್ತಿಯಿಂದ ಬರುತ್ತಿದ್ದಾರೆ ಎಂದು ಗುರುತಿಸಿ, ಎಚ್ಚರಿಸಿ, ಗಡುವು ಕೊಟ್ಟು, ಹೊಸದಕ್ಕೆ ಕಡಿಮೆ ಬಡ್ಡಿಯ ಸಾಲವನ್ನೋ ಸಹಾಯಧನವನ್ನೋ ಜೋಡಿಸಬಹುದು. ಕಚೇರಿಗಳಿಗೆ, ಶಾಲೆಗಳಿಗೆ ಕಂಪ್ಯೂಟರ್ ಟೆಂಡರ್ ಕರೆಯುವಾಗ ಬೆಂಬಲ ಎಂದಿಗೆ ಮುಗಿಯುತ್ತದೆ ಎಂಬ ದಿನಾಂಕವನ್ನು ಬೆಲೆಯ ಪಕ್ಕದಲ್ಲೇ ಬರೆಸಬೇಕು. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ಈ ಭಾಗದ ಶಾಸಕರೊಬ್ಬರು ಕೇಳಬಹುದಾದ ಸರಳ ಪ್ರಶ್ನೆ ಇದು: ಬೆಳಗಾವಿ ಜಿಲ್ಲೆಯ ಸರ್ಕಾರಿ ಕಚೇರಿಗಳಲ್ಲಿ ಬೆಂಬಲ ಮುಗಿದ ಕಂಪ್ಯೂಟರುಗಳು ಎಷ್ಟು, ಬದಲಿಸುವ ದಿನ ಯಾವುದು?

ಕಿಸೆಯಲ್ಲಿರುವ ಫೋನಿಗೂ ಇದೇ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದರೆ ಭದ್ರತಾ ಅಪ್‌ಡೇಟಿನ ದಿನಾಂಕ ಕಾಣುತ್ತದೆ. ಅದು ಎರಡು ವರ್ಷ ಹಿಂದಿನದಾಗಿದ್ದರೆ ಆ ಫೋನಿನಲ್ಲಿ ಹಾಡು ಕೇಳಿ, ಯುಪಿಐ ಬೇರೆಯದರಲ್ಲಿ ಇರಲಿ. ಹಣ ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೆಯ ಕಂಪ್ಯೂಟರ್ ಮಾರುವವರಿಗೆ, ಗುಜರಿಗೆ ಹಾಕುವವರಿಗೆ ಒಂದು ಮಾತು ಉಳಿದಿದೆ. ಸೇವಾ ಕೇಂದ್ರದ ಹಾರ್ಡ್ ಡಿಸ್ಕಿನಲ್ಲಿ ಊರಿನವರ ಆಧಾರ್, ಪಾಸ್‌ಬುಕ್, ಅಂಕಪಟ್ಟಿಗಳ ಪ್ರತಿಗಳು ‘ಸ್ಕ್ಯಾನ್’, ‘ಡೌನ್‌ಲೋಡ್ಸ್’ ಎಂಬ ಫೋಲ್ಡರುಗಳಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಅಳಿಸಿದರೂ, ಬೇಗನೆ ಫಾರ್ಮ್ಯಾಟ್ ಹೊಡೆದರೂ ಅವನ್ನು ಮರಳಿ ತೆಗೆಯಬಹುದು. ಡಿಸ್ಕನ್ನು ಪೂರಾ ಒರೆಸುವ ತಂತ್ರಾಂಶದಿಂದ ಒರೆಸಿ, ಅದು ಗೊತ್ತಿಲ್ಲದಿದ್ದರೆ ಎರಡು ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರತೆಗೆದು ನಿಮ್ಮಲ್ಲೇ ಇಟ್ಟುಕೊಳ್ಳಿ. ಉಳಿದ ಪೆಟ್ಟಿಗೆಯನ್ನು ನೋಂದಾಯಿತ ಇ–ತ್ಯಾಜ್ಯ ಸಂಗ್ರಾಹಕರಿಗೆ ಕೊಡಬಹುದು.